ಕುದುರೆ ಸವಾರಿ ಮಾಡ್ತಾ ಬಲೂನಿಗೆ ಗುಂಡು ಹೊಡೆಯೋ ‘ಕೌಬಾಯ್ ಮೌಂಟೆಡ್ ಶೂಟಿಂಗ್’ ಆಟದಲ್ಲಿ ನಿಜವಾದ ಗುಂಡು ಇರುತ್ತಾ? ಕುದುರೆ ಬೆದರಲ್ವಾ?

ಬೆದರುತ್ತೆ. ಬೆದರದ ಹಾಗೆ ಪಳಗಿಸೋದೇ ಈ ಆಟದಲ್ಲಿ ಮುಕ್ಕಾಲು ಪಾಲು ಕೆಲಸ. ನಾನಿರೋದು ಅಮೆರಿಕದ ಅರಿಜೋನಾದಲ್ಲಿ. 1990ರ ದಶಕದ ಆರಂಭದಲ್ಲಿ ಈ ಆಟ ಈಗಿನ ರೂಪಕ್ಕೆ ಬಂದಿದ್ದು ಇಲ್ಲೇ. ಎರಡು ವರ್ಷ ಕಂಬಗಳಿಗೆ ಬಲೂನು ಸಿಕ್ಕಿಸೋ ಕೆಲಸ ಮಾಡಿ, ಆಮೇಲೆ ಕುದುರೆ ಹತ್ತಿದವನು ನಾನು.

ಗುಂಡಿನ ವಿಷಯ ಮೊದಲು ಹೇಳಿಬಿಡ್ತೀನಿ. ತೋಟಾದಲ್ಲಿ ಕಪ್ಪು ಮದ್ದು ಇರುತ್ತೆ, ಸೀಸದ ಗುಂಡು ಇರಲ್ಲ. ಉರಿಯೋ ಮದ್ದಿನ ಕಿಡಿ ಹಾರಿ ಬಲೂನು ಒಡೆಯುತ್ತೆ. 15–20 ಅಡಿ ದಾಟಿದರೆ ಅದಕ್ಕೆ ಕಸುವಿಲ್ಲ, ಆದರೆ ತೀರಾ ಹತ್ತಿರದಿಂದ ತಗುಲಿದರೆ ಗಾಯ ಖಂಡಿತ. ಸವಾರನ ಹತ್ತಿರ ಹಳೇ ಮಾದರಿಯ .45 ರಿವಾಲ್ವರ್ ಎರಡು, ಒಂದೊಂದರಲ್ಲಿ 5 ತೋಟಾ, ಎದುರಿಗೆ 10 ಬಲೂನು. ಪ್ರತಿ ಸಲವೂ ಹೆಬ್ಬೆರಳಲ್ಲಿ ಹ್ಯಾಮರ್ (ತೋಟಾಗೆ ಬಡಿದು ಸಿಡಿಸೋ ಹಿಂಬದಿಯ ಕೊಕ್ಕೆ) ಹಿಂದಕ್ಕೆಳೆದೇ ಹೊಡೀಬೇಕು. ಐದು ಮುಗಿದ ಮೇಲೆ ಓಡೋ ಕುದುರೆ ಮೇಲೇ ಒಂದು ರಿವಾಲ್ವರನ್ನು ಸೊಂಟದ ಚೀಲದೊಳಗಿಟ್ಟು ಇನ್ನೊಂದನ್ನು ತೆಗೀಬೇಕು. ತಪ್ಪಿದ ಪ್ರತಿ ಬಲೂನಿಗೂ ಓಟದ ಸಮಯಕ್ಕೆ 5 ಸೆಕೆಂಡ್ ದಂಡ ಸೇರುತ್ತೆ, ಕುದುರೆಯಿಂದ ಬಿದ್ದರೆ 60.

ಈಗ ಕುದುರೆಗೆ ಬರೋಣ. ನಾನು ಮೈಸೂರಿನವನು. ದಸರೆಗೆ ಮುಂಚೆ ಆನೆ, ಕುದುರೆಗಳನ್ನು ನಿಲ್ಲಿಸಿ ಫಿರಂಗಿ ಹಾರಿಸಿ ಸಿಡಿಮದ್ದು ತಾಲೀಮು ಮಾಡಿಸ್ತಾರಲ್ಲ, ಜಂಬೂಸವಾರಿ ದಿನ 21 ಕುಶಾಲತೋಪಿಗೆ ಅವು ಬೆಚ್ಚಬಾರದು ಅಂತ. ಇಲ್ಲೂ ಅದೇ ದಾರಿ, ಇನ್ನೂ ನಿಧಾನ. ಮೊದಲು ಮೇವಿನ ಪಕ್ಕದ ಬೇಲಿಗೆ ಬಲೂನು ಕಟ್ಟಿ ಹಾಗೇ ಬಿಡೋದು. ಆಮೇಲೆ ಕುದುರೆ ಮೇಯುವಾಗ ದೂರದಲ್ಲಿ ಆಟಿಕೆ ಪಿಸ್ತೂಲಿನ ಪಟಾಕಿ ಸದ್ದು. ದಿನ ಕಳೆದ ಹಾಗೆ ಹತ್ತಿರ, ಇನ್ನೂ ಹತ್ತಿರ. ಕಿವಿಗೆ ಬಿರಡೆ ಹಾಕ್ತೀವಿ, ತಲೆಗೆ ಹತ್ತಿರ ಯಾವತ್ತೂ ಹೊಡೆಯಲ್ಲ.

ನಾನು ಆತುರಪಟ್ಟೆ. ಮೂರನೇ ವಾರವೇ ಜೀನಿನ ಮೇಲೆ ಕೂತು ನಿಜವಾದ ತೋಟಾ ಹಾರಿಸಿದೆ. ನನ್ನ ಹೆಣ್ಣು ಕುದುರೆ ನಿಂತಲ್ಲೇ ಗಿರಕ್ಕನೆ ತಿರುಗಿತು, ನಾನು ನೆಲದ ಮೇಲಿದ್ದೆ. ಪೆಟ್ಟು ವಾರದಲ್ಲಿ ವಾಸಿಯಾಯ್ತು. ಆದರೆ ನಾನು ಸೊಂಟದ ಕಡೆ ಕೈ ಒಯ್ದರೆ ಸಾಕು, ಮೂರು ತಿಂಗಳು ಅದರ ಮೈ ನಡುಗ್ತಿತ್ತು. ಅದನ್ನು ನೋಡೋದು ಬಹಳ ಸಂಕಟ. ಮತ್ತೆ ಬೇಲಿಯ ಬಲೂನಿಂದಲೇ ಶುರು ಮಾಡಿದೆ.

ನಿಮಗೆ ಆಸಕ್ತಿ ಇದ್ದರೆ, ಮೊದಲು ಒಂದೇ ಕೈಯಲ್ಲಿ ಲಗಾಮು ಹಿಡಿದು ಕಂಬಗಳ ಸುತ್ತ ಕುದುರೆ ತಿರುಗಿಸೋದು ಕಲೀರಿ. ರಿವಾಲ್ವರ್ ಆರು ತಿಂಗಳು ಕಾಯಲಿ.