ಸೋಡಿಯಂ ತನ್ನ ಎಲೆಕ್ಟ್ರಾನನ್ನು ತಾನಾಗಿಯೇ ಬಿಟ್ಟುಕೊಡುತ್ತದೆಯೇ?

ಸೋಡಿಯಂ ಒಂದು ಎಲೆಕ್ಟ್ರಾನನ್ನು ಕ್ಲೋರಿನ್‌ಗೆ ಕೊಟ್ಟು ಅಷ್ಟಕವನ್ನು (ಹೊರಕವಚದಲ್ಲಿ ಎಂಟು ಎಲೆಕ್ಟ್ರಾನುಗಳಿರುವ ಸ್ಥಿತಿಯನ್ನು) ಪೂರ್ಣಗೊಳಿಸಿಕೊಳ್ಳುತ್ತದೆ ಎಂದು ಪಠ್ಯಪುಸ್ತಕ ಹೇಳುವಾಗ, ಆ ಎಲೆಕ್ಟ್ರಾನನ್ನು ಕೀಳಲು ಶಕ್ತಿ ವ್ಯಯಿಸಬೇಕೆಂದು ಮುಂದಿನ ಅಧ್ಯಾಯವೇ ಹೇಳುವುದೇಕೆ ಎಂದು ನೀವು ಕೇಳಿದ್ದೀರಿ. ಮಂಡ್ಯದಲ್ಲಿ ಪಿಯುಸಿ ವಿದ್ಯಾರ್ಥಿಗಳಿಗೆ ರಸಾಯನಶಾಸ್ತ್ರ ಕಲಿಸುವ ನನಗೆ ಈ ಸಂದೇಹ ನ್ಯಾಯವಾದದ್ದೆಂದೇ ತೋರುತ್ತದೆ. ಪರಮಾಣುವಿಗೆ ಆಸೆಯನ್ನು ಆರೋಪಿಸುವ ವಿವರಣೆ ಪರೀಕ್ಷೆಗೆ ಸಾಕಾದರೂ ಕಾರಣವನ್ನು ಮುಟ್ಟುವುದಿಲ್ಲ.

ಒಂದು ಮೋಲ್ (ಪರಮಾಣುಗಳನ್ನು ಎಣಿಸಲು ಬಳಸುವ ಒಂದು ನಿಗದಿತ, ಬಹು ದೊಡ್ಡ ಸಂಖ್ಯೆ) ಸೋಡಿಯಂ ಪರಮಾಣುಗಳಿಂದ ತಲಾ ಒಂದು ಎಲೆಕ್ಟ್ರಾನನ್ನು ತೆಗೆಯಲು ಸುಮಾರು 496 ಕಿಲೋಜೌಲ್ ಶಕ್ತಿ ಬೇಕು. ಕ್ಲೋರಿನ್ ಪರಮಾಣುಗಳು ಅವನ್ನು ಸ್ವೀಕರಿಸುವಾಗ ಹೊರಬರುವುದು ಸುಮಾರು 349 ಕಿಲೋಜೌಲ್ ಮಾತ್ರ. ಅಂದರೆ ಕೊಟ್ಟುಕೊಳ್ಳುವ ವ್ಯವಹಾರವನ್ನಷ್ಟೇ ನೋಡಿದರೆ 147 ಕಿಲೋಜೌಲ್ ನಷ್ಟವೇ ಆಗುತ್ತದೆ. ಘನ ಸೋಡಿಯಂ ಲೋಹವನ್ನು ಬಿಡಿ ಪರಮಾಣುಗಳಾಗಿಸಲು ಸುಮಾರು 107, ಅರ್ಧ ಮೋಲ್ ಕ್ಲೋರಿನ್ ಅಣುಗಳ ಜೋಡಿಯನ್ನು ಬಿಡಿಸಿ ಒಂದು ಮೋಲ್ ಪರಮಾಣುಗಳಾಗಿಸಲು ಸುಮಾರು 121 ಕಿಲೋಜೌಲ್ ಬೇರೆ ಬೇಕು.

ಈ ನಷ್ಟವನ್ನೆಲ್ಲ ತುಂಬಿಕೊಡುವುದು ಅಡುಗೆ ಉಪ್ಪಿನ, ಅಂದರೆ ಸೋಡಿಯಂ ಕ್ಲೋರೈಡಿನ, ಹರಳು. ಎಲೆಕ್ಟ್ರಾನ್ ಕಳೆದುಕೊಂಡ ಧನ ಅಯಾನುಗಳೂ ಅದನ್ನು ಪಡೆದ ಋಣ ಅಯಾನುಗಳೂ (ಅಯಾನು ಎಂದರೆ ವಿದ್ಯುದಾವೇಶ ಹೊತ್ತ ಪರಮಾಣು) ಒಂದನ್ನೊಂದು ಸೆಳೆದು, ಪ್ರತಿ ಸೋಡಿಯಂ ಅಯಾನಿನ ಸುತ್ತ ಆರು ಕ್ಲೋರೈಡ್, ಪ್ರತಿ ಕ್ಲೋರೈಡ್ ಸುತ್ತ ಆರು ಸೋಡಿಯಂ ಬರುವಂತೆ ಮೂರೂ ದಿಕ್ಕಿನಲ್ಲಿ ಜೋಡಣೆಗೊಂಡಾಗ, ಮೋಲ್ ಒಂದಕ್ಕೆ ಸುಮಾರು 787 ಕಿಲೋಜೌಲ್ ಶಕ್ತಿ ಬಿಡುಗಡೆಯಾಗುತ್ತದೆ. ಇದೇ ಜಾಲಕ ಶಕ್ತಿ. ಎಲ್ಲ ಖರ್ಚನ್ನೂ ಕಳೆದ ಮೇಲೆ ಸುಮಾರು 411 ಕಿಲೋಜೌಲಿನಷ್ಟು ಲಾಭ ಉಳಿಯುತ್ತದೆ. ಆದ್ದರಿಂದ ಎಲೆಕ್ಟ್ರಾನಿನ ವರ್ಗಾವಣೆಯನ್ನೇ ಬಂಧವೆಂದು ಕರೆಯುವುದು ಸರಿಯಲ್ಲ. ಅದರ ನಂತರ ಎಲ್ಲ ದಿಕ್ಕಿಗೂ ಹರಡಿಕೊಳ್ಳುವ ವಿದ್ಯುದಾಕರ್ಷಣೆಯೇ ಬಂಧ. ಇಂಥ ಸೋಡಿಯಂಗೆ ಇಂಥದೇ ಕ್ಲೋರಿನ್ ಜೊತೆಗಾರ ಎಂಬ ನಂಟು ಉಪ್ಪಿನೊಳಗೆ ಇಲ್ಲ, ಹಾಗಾಗಿ ಉಪ್ಪಿನ ಅಣು ಎಂಬುದೂ ಹರಳಿನಲ್ಲಿ ಇಲ್ಲ. ನಮ್ಮ ಮಂಡ್ಯದ ಸಕ್ಕರೆಯ ಹರಳಿನಲ್ಲಾದರೋ ಪ್ರತ್ಯೇಕ ಅಣುಗಳೇ ಇರುವುದರಿಂದ, ನೀರಿನಲ್ಲಿ ಕರಗಿದರೂ ಅದು ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಉಪ್ಪು ಕರಗಿದಾಗ ಅಯಾನುಗಳು ಬಿಡಿಯಾಗಿ ಚಲಿಸಬಲ್ಲವು. ಹರಳಾಗಿರುವಾಗ ಅವು ಕದಲಲಾರವು. ಉಪ್ಪು ಕರಗಿ ದ್ರವವಾಗಲು 801 ಡಿಗ್ರಿ ಸೆಲ್ಸಿಯಸ್ ಬೇಕಾಗುವುದೂ ಈ ಬಿಗಿಯಿಂದಲೇ.

ಹಾಗಾದರೆ ಇನ್ನೂ ಹೆಚ್ಚಿನ ಜಾಲಕ ಶಕ್ತಿಗಾಗಿ ಸೋಡಿಯಂ ಎರಡು ಎಲೆಕ್ಟ್ರಾನುಗಳನ್ನೇಕೆ ಕಳೆದುಕೊಳ್ಳುವುದಿಲ್ಲ ಎಂದು ನೀವು ಕೇಳಬಹುದು. ಎರಡನೆಯದು ಒಳಕವಚದ್ದು, ಅದನ್ನು ಕೀಳಲು ಸುಮಾರು 4,562 ಕಿಲೋಜೌಲ್ ಬೇಕು, ಸೋಡಿಯಂನ ಯಾವ ಹರಳೂ ಅಷ್ಟನ್ನು ಭರಿಸಲಾರದು. ಅಷ್ಟಕ ನಿಯಮದ ಹಿಂದಿರುವುದು ಈ ಲೆಕ್ಕವೇ. ಮ್ಯಾಗ್ನೀಸಿಯಂನ ಹೊರಕವಚದಲ್ಲಿ ಎರಡು ಎಲೆಕ್ಟ್ರಾನುಗಳಿದ್ದು, ಎರಡಕ್ಕೂ ಸೇರಿ ಸುಮಾರು 2,189 ಕಿಲೋಜೌಲ್ ತಗಲುತ್ತದೆ. ಅದರೊಡನೆ ಸೇರುವ ಆಮ್ಲಜನಕವೂ ಎರಡನೆಯ ಎಲೆಕ್ಟ್ರಾನನ್ನು ಶಕ್ತಿ ಹೀರಿಕೊಂಡೇ ಒಪ್ಪುತ್ತದೆ. ಆದರೂ ಎರಡೆರಡು ಆವೇಶಗಳ ಸೆಳೆತದಿಂದ ಮ್ಯಾಗ್ನೀಸಿಯಂ ಆಕ್ಸೈಡಿನ ಜಾಲಕ ಶಕ್ತಿ ಸುಮಾರು 3,800 ಕಿಲೋಜೌಲ್ ಆಗುವುದರಿಂದ ಲೆಕ್ಕ ಲಾಭದಲ್ಲೇ ಮುಗಿಯುತ್ತದೆ. ಮೈಸೂರಿನ ಸುತ್ತಮುತ್ತ ದೊರೆಯುವ ಮ್ಯಾಗ್ನಸೈಟ್ ಅದಿರನ್ನು ಸುಟ್ಟರೆ ಸಿಗುವುದು ಇದೇ ಆಕ್ಸೈಡು. ಅದು ಕರಗಲು 2,800 ಡಿಗ್ರಿಗೂ ಹೆಚ್ಚಿನ ಉಷ್ಣತೆ ಬೇಕಾದ್ದರಿಂದ ಉಕ್ಕಿನ ಕುಲುಮೆಗಳ ಒಳಗೋಡೆಗೆ ಅದರ ಇಟ್ಟಿಗೆಗಳನ್ನು ಬಳಸುತ್ತಾರೆ.

ಒಂದು ಎಚ್ಚರಿಕೆ: ಲೋಹವೂ ಅಲೋಹವೂ ಸೇರಿದ ಮಾತ್ರಕ್ಕೆ ಅಯಾನಿಕ ಬಂಧವೇ ಆಗುತ್ತದೆಂದು ಬರೆಯಬೇಡಿ. ಅಲ್ಯೂಮಿನಿಯಂ ಅಯಾನು ಚಿಕ್ಕದು, ಅದರ ಆವೇಶ ಮೂರು. ಅದು ಕ್ಲೋರೈಡಿನ ಎಲೆಕ್ಟ್ರಾನ್ ಮೋಡವನ್ನು ತನ್ನೆಡೆಗೆ ಎಳೆದುಕೊಳ್ಳುವುದರಿಂದ ಬಂಧ ಬಹುಮಟ್ಟಿಗೆ ಸಹವೇಲೆನ್ಸಿಯದಾಗಿ (ಎಲೆಕ್ಟ್ರಾನುಗಳನ್ನು ಹಂಚಿಕೊಳ್ಳುವ ಬಗೆಯದಾಗಿ), ನಿರ್ಜಲ (ನೀರಿನಂಶವಿಲ್ಲದ) ಅಲ್ಯೂಮಿನಿಯಂ ಕ್ಲೋರೈಡ್ ಸುಮಾರು 180 ಡಿಗ್ರಿಯಲ್ಲೇ ಆವಿಯಾಗುತ್ತದೆ. ಫ್ಲೋರೈಡ್ ಅಯಾನು ಚಿಕ್ಕದಾಗಿದ್ದು ಅಷ್ಟು ಸುಲಭವಾಗಿ ಎಳೆತಕ್ಕೆ ಬಗ್ಗುವುದಿಲ್ಲವಾದ್ದರಿಂದ, ಅದೇ ಲೋಹದ ಫ್ಲೋರೈಡ್ ಸಾವಿರ ಡಿಗ್ರಿ ದಾಟಿದರೂ ಘನವಾಗಿಯೇ ಇರುತ್ತದೆ.