ಮೂರನೇ ಪುಟದಲ್ಲೇ ಸಮಾಧಾನ ಬೇಡ

ಪ್ರಿಯ ಸಹೋದರಿ,

ನಿಮ್ಮ ಪತ್ರ ಸಿಕ್ಕಿತು, ಜೊತೆಗಿದ್ದ ಕಥೆಯನ್ನು ಎರಡು ಸಲ ಓದಿದೆ. ಮಗುವನ್ನು ಕಳೆದುಕೊಂಡ ಕ್ರೈಸ್ತ ವಿಶ್ವಾಸಿ ತಾಯಿಯ ಕಥೆ. "ಓದಿದವರೆಲ್ಲ ಚೆನ್ನಾಗಿದೆ ಅಂದರು, ಆದರೆ ಯಾರ ಮನಸ್ಸಿಗೂ ತಟ್ಟಲಿಲ್ಲ. ಅವಳ ಅನುಮಾನವನ್ನು ಇನ್ನೂ ಜಾಸ್ತಿ ತೋರಿಸಿದರೆ ಸಭೆಯವರು ಏನಂದುಕೊಳ್ಳುತ್ತಾರೋ" ಎಂದು ಬರೆದಿದ್ದೀರಿ.

ನೇರವಾಗಿ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಮಗು ತೀರಿಕೊಳ್ಳುವುದು ಎರಡನೇ ಪುಟದಲ್ಲಿ. ಮೂರನೇ ಪುಟದಲ್ಲಿ ಅವಳು ಮೊಣಕಾಲೂರುತ್ತಾಳೆ, ಬೈಬಲಿನ ಒಂದು ವಚನ ನೆನಪಾಗುತ್ತೆ, ಸಮಾಧಾನ ಆಗಿಬಿಡುತ್ತೆ. ಅವಳೇ ಅಳೋದಕ್ಕೆ ಪುರುಸೊತ್ತಿಲ್ಲ, ಇನ್ನು ಓದುವವರು ಯಾವಾಗ ಅಳಬೇಕು?

ಪ್ರಾರ್ಥನೆ ತೆಗೆದುಹಾಕಿ ಅಂತ ಹೇಳುತ್ತಿಲ್ಲ. ಪ್ರಾರ್ಥಿಸಲಿ. ಎದ್ದ ಮೇಲೂ ನೋವು ಅಲ್ಲೇ ಇರಲಿ.

ಬೈಬಲಿನ 1 ಅರಸುಗಳು ಪುಸ್ತಕದ 19ನೇ ಅಧ್ಯಾಯವನ್ನು ಒಮ್ಮೆ ಬರೀ ಕಥೆ ಅಂತ ಓದಿ ನೋಡಿ. ಹಿಂದಿನ ಅಧ್ಯಾಯದಲ್ಲಷ್ಟೇ ಕರ್ಮೆಲ್ ಬೆಟ್ಟದ ಮೇಲೆ ಆಕಾಶದಿಂದ ಬೆಂಕಿ ಇಳಿದದ್ದನ್ನು ಕಂಡ ಪ್ರವಾದಿ ಎಲೀಯ, ರಾಣಿ ಈಜೆಬೆಲಳ ಒಂದು ಬೆದರಿಕೆಗೆ ಓಡಿಹೋಗಿ, ಗಿಡದ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತೆಗೆದುಕೋ ಅಂತಾನೆ. ಬಂದ ದೂತ ಬೋಧನೆ ಮಾಡಲ್ಲ. ರೊಟ್ಟಿ ಕೊಡುತ್ತಾನೆ, ನೀರು ಕೊಡುತ್ತಾನೆ, ಎಲೀಯ ತಿಂದು ಮತ್ತೆ ಮಲಗುತ್ತಾನೆ! ನನಗೆ ಇದಕ್ಕಿಂತ ಇಷ್ಟವಾದದ್ದು ಮುಂದೆ ಹೋರೇಬ್ ಬೆಟ್ಟದಲ್ಲಿ ನಡೆಯುವುದು. ಇಲ್ಲೇನು ಮಾಡುತ್ತಿದ್ದೀ ಎಂದು ದೇವರು ಕೇಳಿದಾಗ ತನ್ನ ಗೋಳು ಹೇಳಿಕೊಳ್ಳುತ್ತಾನೆ. ಆಮೇಲೆ ಬಿರುಗಾಳಿ, ಭೂಕಂಪ, ಬೆಂಕಿ, ಕೊನೆಗೆ ಆ ಮೆಲುದನಿ. ದೇವರು ಮತ್ತೆ ಅದೇ ಪ್ರಶ್ನೆ ಕೇಳಿದರೆ ಇವನೂ ಅದೇ ಗೋಳನ್ನು ಮತ್ತೆ ಒಪ್ಪಿಸುತ್ತಾನೆ. 10ನೇ ವಚನವನ್ನೂ 14ನೇ ವಚನವನ್ನೂ ಪಕ್ಕಪಕ್ಕ ಇಟ್ಟು ನೋಡಿ. ದೇವರ ದನಿ ಕೇಳಿದ ಮೇಲೂ ಮನುಷ್ಯ ಬದಲಾಗಿಲ್ಲ! ದೇವರು ಅದಕ್ಕೆ ಗದರುವುದೂ ಇಲ್ಲ. ಕೆಲಸ ಕೊಡುತ್ತಾನೆ, ಜೊತೆಗೆ ಶಿಷ್ಯನಾಗಿ ಎಲೀಷನನ್ನು ಕೊಡುತ್ತಾನೆ. ನಿಮ್ಮ ನಾಯಕಿಗೂ ಹೀಗೆ ಎರಡು ಸಲ ಗೊಣಗುವ ಅವಕಾಶ ಕೊಡಿ.

ಸಭೆಯವರು ಏನಂದುಕೊಳ್ಳುತ್ತಾರೋ ಅನ್ನೋ ಚಿಂತೆಗೆ ಬೈಬಲಿನ ಕೀರ್ತನೆ 88 ಸಾಕು. ಗೋಳಿನ ಕೀರ್ತನೆಗಳು ಸಾಮಾನ್ಯವಾಗಿ ಎಲ್ಲೋ ಒಂದು ಕಡೆ ಸ್ತೋತ್ರಕ್ಕೆ ತಿರುಗುತ್ತವೆ, ಇದು ಮಾತ್ರ ಕತ್ತಲಲ್ಲೇ ನಿಲ್ಲುತ್ತದೆ.

ಇನ್ನು, "ಅವಳಿಗೆ ದೇವರ ಮೇಲೆ ಅನುಮಾನ ಬಂತು" ಅನ್ನೋ ಸಾಲು ಹೊಡೆದುಹಾಕಿ. ಆರಾಧನೆಯಲ್ಲಿ ಎಲ್ಲರೂ ಹಾಡುವಾಗ ಅವಳು ಸುಮ್ನೆ ಬಾಯಿ ಆಡಿಸಲಿ. ಯಾರೋ ತಮ್ಮ ಮಗು ವಾಸಿಯಾಯಿತು ಅಂತ ಸಾಕ್ಷಿ ಹೇಳಲು ನಿಂತಾಗ ಎದ್ದು ಹೊರಗೆ ಹೋಗಲಿ. "ಎಲ್ಲಾ ದೇವರ ಚಿತ್ತ ಕಣಮ್ಮಾ" ಎಂದು ಕೈ ಹಿಡಿದವರ ಮೇಲೆ ಸಿಟ್ಟು ಬರಲಿ, ಸಿಟ್ಟು ಬಂತಲ್ಲಾ ಅಂತ ರಾತ್ರಿಯೆಲ್ಲ ಒದ್ದಾಡಲಿ. ಇಂಥದ್ದನ್ನು ಅನುಭವಿಸಿದ ಓದುಗರು ಇದ್ದಾರೆ, ಯಾರ ಹತ್ತಿರವೂ ಹೇಳಿಕೊಂಡಿರಲ್ಲ, ಅಷ್ಟೇ.

ಕಥೆಯಲ್ಲಿ ಬರುವ ಅವಳ ಮೈದುನನ ಬಗ್ಗೆ ಒಂದು ಮಾತು. ದೇವರನ್ನು ನಂಬದವನು ಅಂತ ಒಬ್ಬನನ್ನು ತಂದು, ವಾದದಲ್ಲಿ ಸೋಲಿಸಿ ಕಳಿಸಿದ್ದೀರಿ. ಪಾಪ, ಅದಕ್ಕೇ ಅವನನ್ನು ಕರೆಸಿದ ಹಾಗಿದೆ. ಅವಳಿಗೆ ಉತ್ತರ ಹೊಳೆಯದಂಥ ಒಂದು ಪ್ರಶ್ನೆಯನ್ನಾದರೂ ಅವನ ಬಾಯಲ್ಲಿಡಿ. ಅಥವಾ ಅವಳು ಹಾಸಿಗೆ ಬಿಟ್ಟೇಳದ ದಿನಗಳಲ್ಲಿ ಅಡುಗೆ ಮಾಡಿ, ತಟ್ಟೆ ತಂದು ಪಕ್ಕದಲ್ಲಿಟ್ಟು, ಮಾತಾಡದೆ ಹೋಗುವವನು ಅವನೇ ಆದರೆ?

ತಿದ್ದಿ ಕಳಿಸಿ. ಪುಟ ಜಾಸ್ತಿಯಾದರೆ ಪರವಾಗಿಲ್ಲ, ಎರಡು ಸಂಚಿಕೆಯಲ್ಲಿ ಹಾಕೋಣ.

— ಸಂಪಾದಕ