ಕೇಳಿ ತಿಳಿಯಿರಿ: ಎಡನೀರು ಸ್ವಾಮೀಜಿ ಗೆದ್ದರೇ, ಸೋತರೇ?

ಪ್ರಶ್ನೆ: ಸಂವಿಧಾನದ ಮಾತು ಬಂದಾಗಲೆಲ್ಲ ಕೇಶವಾನಂದ ಭಾರತಿ ಪ್ರಕರಣದ ಹೆಸರು ಕೇಳುತ್ತೇವೆ. ಕೇಸು ಹಾಕಿದ ಸ್ವಾಮೀಜಿಗೆ ಕೊನೆಗೆ ಏನು ಸಿಕ್ಕಿತು? 13 ನ್ಯಾಯಮೂರ್ತಿಗಳು ಕೂರಬೇಕಾದದ್ದೇಕೆ?

ಉತ್ತರ: ಹೆಸರು ಉಳಿಯಿತು, ಕೇಳಿದ್ದು ಸಿಗಲಿಲ್ಲ. ಕಾಸರಗೋಡಿನ ಎಡನೀರು ಮಠದ ಜಮೀನಿಗೆ ಕೇರಳದ ಭೂಸುಧಾರಣಾ ಕಾನೂನು ಕುತ್ತು ತಂದಾಗ ಮಠಾಧಿಪತಿ ಕೇಶವಾನಂದ ಭಾರತಿ ಸ್ವಾಮೀಜಿ 1970ರಲ್ಲಿ ಸುಪ್ರೀಂ ಕೋರ್ಟಿಗೆ ರಿಟ್ ಅರ್ಜಿ ಹಾಕಿದರು. ಅದು ಇತ್ಯರ್ಥವಾಗುವ ಮೊದಲೇ ಸಂಸತ್ತು 29ನೇ ತಿದ್ದುಪಡಿ ತಂದು, ಆ ಕಾನೂನಿನ ತಿದ್ದುಪಡಿಗಳನ್ನು ಒಂಬತ್ತನೇ ಅನುಸೂಚಿಗೆ, ಅಂದರೆ ಮೂಲಭೂತ ಹಕ್ಕುಗಳ ನೆಪದಲ್ಲಿ ಕೋರ್ಟಿನಲ್ಲಿ ಪ್ರಶ್ನಿಸದಂತೆ ಕಾನೂನುಗಳಿಗೆ ರಕ್ಷಣೆ ಕೊಡಲು ಸಂವಿಧಾನದಲ್ಲಿರುವ ಪಟ್ಟಿಗೆ, ಸೇರಿಸಿಬಿಟ್ಟಿತು. ಕೋರ್ಟು ಈ 29ನೇ ತಿದ್ದುಪಡಿಯನ್ನು ಎತ್ತಿಹಿಡಿಯಿತು.

ಇನ್ನು 13ರ ಲೆಕ್ಕ. ಮೂಲಭೂತ ಹಕ್ಕುಗಳನ್ನು ಸಂಸತ್ತು ಮೊಟಕುಗೊಳಿಸುವಂತಿಲ್ಲ ಎಂದು 1967ರ ಗೋಲಕನಾಥ್ ಪ್ರಕರಣದಲ್ಲಿ 11 ಮಂದಿಯ ಪೀಠ 6–5ರಿಂದ ಹೇಳಿತ್ತು. ಅದನ್ನು ಮರುಪರಿಶೀಲಿಸಲು ಅದಕ್ಕಿಂತ ದೊಡ್ಡ ಪೀಠವೇ ಬೇಕು. 12 ಮಂದಿ ಕೂತರೆ ಸಮಸಮ ಆಗುವ ಭಯ. 68 ದಿನ ವಾದ ನಡೆದು, 1973ರ ಏಪ್ರಿಲ್ 24ರಂದು 7–6ರ ತೀರ್ಪು ಬಂತು. ಮರುದಿನವೇ ಮುಖ್ಯ ನ್ಯಾಯಮೂರ್ತಿ ಸಿಕ್ರಿ ಅವರ ನಿವೃತ್ತಿ. ಬರೆದ ತೀರ್ಪುಗಳು 11. ಬಹುಮತದ ಸಾರಾಂಶ ಎಂದು ಕೊನೆಗೆ ಸಿದ್ಧಪಡಿಸಿದ ಹಾಳೆಗೆ 9 ಮಂದಿ ಸಹಿ ಹಾಕಿದರು, ನಾಲ್ವರು ಹಾಕಲಿಲ್ಲ. ಯಾರು ಏನು ಒಪ್ಪಿದರು ಎಂಬ ಜಗ್ಗಾಟ ಇಂದಿಗೂ ಮುಗಿಯದಿರುವುದಕ್ಕೆ ಇದೇ ಕಾರಣ.

ಪರೀಕ್ಷೆಗೆ ಓದುವವರು ಎಡವುವುದು ಇಲ್ಲೇ. ಮೂಲಭೂತ ಹಕ್ಕುಗಳನ್ನು ಮುಟ್ಟುವಂತೆಯೇ ಇಲ್ಲ ಎಂದು ಈ ತೀರ್ಪು ಹೇಳಿಲ್ಲ. ಹಾಗೆ ಹೇಳಿದ್ದ ಗೋಲಕನಾಥ್ ತೀರ್ಪನ್ನು ಇದು ತಳ್ಳಿಹಾಕಿತು. ಯಾವ ವಿಧಿಯನ್ನಾದರೂ ತಿದ್ದಬಹುದು, ಸಂವಿಧಾನದ ಮೂಲ ಸ್ವರೂಪ ಮಾತ್ರ ಕೆಡಬಾರದು ಎಂಬುದು ತೀರ್ಪು. ಆ ಮೂಲ ಸ್ವರೂಪದಲ್ಲಿ ಏನೇನಿದೆ ಎಂಬ ಪಟ್ಟಿಯನ್ನು ಕೋರ್ಟು ಮುಚ್ಚಿಲ್ಲ, ಜಾಣತನದಿಂದಲೇ.

ತೀರ್ಪಿನ ಬೆನ್ನಿಗೇ ಮೂವರು ಹಿರಿಯರನ್ನು ದಾಟಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು. ದಾಟಿಸಿಕೊಂಡವರಲ್ಲಿ ನಮ್ಮ ಕರಾವಳಿಯ ಕೆ.ಎಸ್. ಹೆಗ್ಡೆ ಒಬ್ಬರು. ರಾಜೀನಾಮೆ ಕೊಟ್ಟು ಹೊರಬಂದ ಅವರು 1977ರಲ್ಲಿ ಲೋಕಸಭೆಯ ಸ್ಪೀಕರ್ ಆದರು.

ಪ್ರಶ್ನೆ: ಎಸ್.ಆರ್. ಬೊಮ್ಮಾಯಿ ಕೇಸು ಗೆದ್ದ ಮೇಲೆ ಮುಖ್ಯಮಂತ್ರಿ ಪದವಿ ಮರಳಿ ಬಂತೇ?

ಉತ್ತರ: ಇಲ್ಲ. ಸರ್ಕಾರ ವಜಾ ಆದದ್ದು 1989ರ ಏಪ್ರಿಲ್ 21ಕ್ಕೆ, ತೀರ್ಪು ಬಂದದ್ದು 1994ರ ಮಾರ್ಚ್ 11ಕ್ಕೆ. ನಡುವೆ ಚುನಾವಣೆಯೇ ಮುಗಿದಿತ್ತು. 19 ಶಾಸಕರು ಬೆಂಬಲ ಹಿಂತೆಗೆದ ಪತ್ರಗಳನ್ನು ನಂಬಿ ರಾಜ್ಯಪಾಲರು ವರದಿ ಕಳಿಸಿದ್ದರು. ಅವರಲ್ಲಿ ಏಳು ಮಂದಿ ಮಾತು ಬದಲಿಸಿದರೂ, ಸದನದಲ್ಲಿ ಬಲ ತೋರಿಸುತ್ತೇನೆಂದು ಬೊಮ್ಮಾಯಿ ಹೇಳಿದರೂ ಅವಕಾಶ ಸಿಗಲಿಲ್ಲ. ಬಹುಮತ ಅಳೆಯುವ ಜಾಗ ರಾಜಭವನವಲ್ಲ, ವಿಧಾನಸಭೆ ಎಂದು 9 ಮಂದಿಯ ಪೀಠ ಹೇಳಿತು. ಆ ತೀರ್ಪಿನ ಲಾಭ ನಂತರದ ಸರ್ಕಾರಗಳಿಗೆ ಆಯಿತು.

ಪ್ರಶ್ನೆ: ಭಾರತದ ಕೊನೆಯ ಜ್ಯೂರಿ ವಿಚಾರಣೆ ನಾನಾವತಿ ಪ್ರಕರಣವೇ?

ಉತ್ತರ: ಅಲ್ಲ, ಕೇಳಿ ಕೇಳಿ ನಿಜವಾದ ಸುಳ್ಳು ಅದು. ಪತ್ನಿಯ ಪ್ರಿಯಕರನನ್ನು ಗುಂಡಿಟ್ಟು ಕೊಂದ ಆರೋಪ ಹೊತ್ತಿದ್ದ ನೌಕಾಪಡೆಯ ಅಧಿಕಾರಿ ನಾನಾವತಿಯನ್ನು ಅಲ್ಲಿ ಜ್ಯೂರಿ, ಅಂದರೆ ತೀರ್ಮಾನ ಹೇಳಲು ಕೂರಿಸಿದ ಸಾಮಾನ್ಯ ನಾಗರಿಕರ ಮಂಡಳಿ, 8–1ರಿಂದ ನಿರ್ದೋಷಿ ಎಂದಿತು. ಸೆಷನ್ಸ್ ನ್ಯಾಯಾಧೀಶರು ಅದನ್ನೊಪ್ಪದೆ ಹೈಕೋರ್ಟಿಗೆ ಕಳಿಸಿದರು, ಅಲ್ಲಿ ಶಿಕ್ಷೆಯಾಯಿತು. ಆಮೇಲೂ ಜ್ಯೂರಿ ವಿಚಾರಣೆಗಳು ನಡೆದವು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದಕ್ಕೆ ಜಾಗ ಉಳಿಯಲಿಲ್ಲ.

ಪ್ರಶ್ನೆ: ‘ಎಐಆರ್ 1973 ಎಸ್‌ಸಿ 1461’ ಎಂದರೇನು? ಇದು ಕೇಸಿನ ನಂಬರೇ?

ಉತ್ತರ: ಅಲ್ಲ, ಪುಸ್ತಕದ ವಿಳಾಸ. ಆಲ್ ಇಂಡಿಯಾ ರಿಪೋರ್ಟರ್, 1973ರ ಸಂಪುಟ, ಸುಪ್ರೀಂ ಕೋರ್ಟ್ ವಿಭಾಗ, 1461ನೇ ಪುಟ. ಕೇಶವಾನಂದ ಭಾರತಿ ಅರ್ಜಿಯ ಸಂಖ್ಯೆ ಬೇರೆ: 135/1970. ಇಸವಿಯನ್ನು ತೀರ್ಪಿನ ವರ್ಷವೆಂದು ನಂಬಬೇಡಿ. ನಾನಾವತಿ ತೀರ್ಪು ಬಂದದ್ದು 1961ರ ನವೆಂಬರ್‌ನಲ್ಲಿ, ಅಚ್ಚಾದದ್ದು ಎಐಆರ್ 1962, ಪುಟ 605ರಲ್ಲಿ.

ಪುಟ ಸಿಕ್ಕ ಮೇಲೆ ಮೊದಲು ಎಷ್ಟು ಮಂದಿಯ ಪೀಠ ಎಂದು ನೋಡಿ, ಆಮೇಲೆ ಕಡೆಯ ಆದೇಶ, ನಂತರ ಕಾರಣಗಳು. ಆರಂಭದ ಹೆಡ್‌ನೋಟ್, ಅಂದರೆ ತೀರ್ಪಿನ ಸಾರಾಂಶ, ಸಂಪಾದಕರು ಬರೆದದ್ದು. ಅದನ್ನು ಕೋರ್ಟಿನ ಮಾತೆಂದು ಉದ್ಧರಿಸಬಾರದು. ವಕೀಲರ ವಾದವನ್ನು ನ್ಯಾಯಮೂರ್ತಿಗಳು ವಿವರಿಸುವ ಪುಟಗಳಲ್ಲೂ ಎಚ್ಚರವಿರಲಿ, ಎಷ್ಟೋ ಜನ ಸೋತ ವಾದವನ್ನೇ ತೀರ್ಪೆಂದು ಬರೆದುಕೊಳ್ಳುತ್ತಾರೆ. ತೀರ್ಪು ಈಗಲೂ ಊರ್ಜಿತವೇ ಎಂಬುದನ್ನು ಕಡೆಗೆ ಪರಿಶೀಲಿಸಿ: ತುರ್ತುಪರಿಸ್ಥಿತಿಯ ಬಂಧಿತರಿಗೆ ಕೋರ್ಟಿನ ಬಾಗಿಲು ಮುಚ್ಚಿದ 1976ರ ಜಬಲ್ಪುರ ಪ್ರಕರಣದ ತೀರ್ಪು ಹಳೆಯ ಸಂಪುಟಗಳಲ್ಲಿ ಹಾಗೇ ಇದೆ, ಆದರೆ 2017ರ ಪುಟ್ಟಸ್ವಾಮಿ ಪ್ರಕರಣದಲ್ಲಿ ಅದನ್ನು ರದ್ದುಮಾಡಲಾಗಿದೆ.